ಕಾವಲು ಮಲಗ್ಯದ

3 ನವೆಂಬರ್ 1998, ಮಂಗಳವಾರ

ಇವತ್ತು ಮಧ್ಯಾಹ್ನ ಮೂರಕ್ಕೆ ಒಂದನೇ ಮಷೀನು ಸತ್ತಿತು. ಎರಡನೆಯದು ಎದ್ದೇಳಲಿಲ್ಲ. ಕಬ್ಬು ತೂಗುವ ಕಾಂಟಾ ನಿಂತಿತು. ಕಬ್ಬು ಹೊತ್ತ ಇನ್ನೂರು ಬಂಡಿ ಅಫಜಲಪುರದ ರಸ್ತೆಯವರೆಗೂ ಸಾಲುಗಟ್ಟಿದವು. ಗಾಣ ಬಾಯಿ ತೆರೆದುಕೊಂಡು ಹಸಿದು ಕೂತಿತು. ದೌಲತರಾಯ ಸಾಹೇಬರು ಕಾಲಲ್ಲಿ ಚಪ್ಪಲಿ ಇಲ್ಲದೆ ಓಡಿ ಬಂದರು.

ಸುಳ್ಳು. ಇದರಲ್ಲಿ ಒಂದಕ್ಷರವೂ ನಿಜವಲ್ಲ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಒಂದು ಚೇಷ್ಟೆ ಮಾಡದಿದ್ದರೆ ಇದು ಸೈದಪ್ಪನ ಪುಸ್ತಕ ಅಂತ ಹೇಗೆ ಗೊತ್ತಾಗಬೇಕು? ಓದುವವನು ನಾನೊಬ್ಬನೇ. ಬರೆಯುವವನಿಗೂ ಓದುವವನಿಗೂ ಒಂದೇ ಏಟಿಗೆ ಟೋಪಿ ಹಾಕುವ ಸುಖವೇ ಬೇರೆ.

ನಡೆದದ್ದು ಇಷ್ಟು: ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಈ ವರ್ಷದ ಕಬ್ಬು ಅರೆಯುವ ಹಂಗಾಮು ಶುರುವಾಯಿತು. ನನಗೆ ಅರವತ್ತೆರಡು. ಅರವತ್ತಕ್ಕೇ ಮನೆಗೆ ಹೋಗಬೇಕಿತ್ತು. ಪ್ರತಿ ಸಲ ಸಾಹೇಬರು "ಇನ್ನೊಂದು ಹಂಗಾಮ ಇರಪಾ ಸೈದಪ್ಪ" ಅನ್ನುತ್ತಾರೆ, ನಾನು ಇರುತ್ತೇನೆ. ಬೆಳಿಗ್ಗೆ ಆರರಿಂದ ಎರಡರವರೆಗೆ ಈ ಕಿಟಕಿಯಿಲ್ಲದ ಎಸಿ ಕೋಣೆ ನನ್ನದು. ಒಳಗೆ ಎರಡು ಸರ್ವರು. ಸರ್ವರಿಗೂ ಸೇರಿದ್ದು, ಸರ್ವರೂ ಬೈಯುವುದು, ಅದಕ್ಕೆ ಸರ್ವರು.

ಮಷೀನು ಕೂಡಿಸಿಕೊಟ್ಟ ಪುಣೆಯವರು ಇದನ್ನು ಕ್ಲಸ್ಟರ್ ಅನ್ನುತ್ತಾರೆ. ನಾನು ಸವತಿಯರು ಅನ್ನುತ್ತೇನೆ. ಇಬ್ಬರಿಗೂ ಒಬ್ಬನೇ ಗಂಡ, ನಡುವಿನ ಡಿಸ್ಕು. ಯಾರ ಕಬ್ಬು, ಯಾವ ದಿನ ಕಡಿಯಬೇಕು, ಎಷ್ಟು ತೂಗಿತು, ಎಲ್ಲ ಅವನ ಹೊಟ್ಟೆಯಲ್ಲಿ. ಹಿರಿಯಳು ಸಂಸಾರ ಮಾಡುವಾಗ ಕಿರಿಯಳು ಪಕ್ಕದಲ್ಲಿ ಕೂತು ತಂತಿಯ ಮೂಲಕ ಅವಳ ನಾಡಿ ನೋಡುತ್ತಿರಬೇಕು. ನಾಡಿ ನಿಂತರೆ ಎರಡು ನಿಮಿಷದೊಳಗೆ ಸೆರಗು ಕಟ್ಟಿ ಅಡುಗೆಮನೆಗೆ ನುಗ್ಗಬೇಕು. ಇಬ್ಬರೂ ಒಟ್ಟಿಗೆ ನುಗ್ಗಿದರೆ ಗಂಡ ಚೂರುಚೂರು, ಇಡೀ ಹಂಗಾಮಿನ ದಾಖಲೆ ಮಣ್ಣುಪಾಲು.

ಡೇಟಾಬೇಸ್ ಅಂದರೂ ಒಬ್ಬನಲ್ಲ, ಐದು ಪ್ರೊಸೆಸ್ಸು. ಒಂದು ಬರೆಯುತ್ತದೆ, ಒಂದು ಬರೆಯುವ ಮೊದಲೇ ಕಚ್ಚಾ ಟಿಪ್ಪಣಿ ಮಾಡಿಕೊಳ್ಳುತ್ತದೆ, ಒಂದು ಕಸ ಬಳಿಯುತ್ತದೆ, ಒಂದು ಸಮಯ ನೋಡುತ್ತದೆ, ಇವರ ಮೇಲೊಂದು ಗೌಡ. ಗೌಡ ಸತ್ತರೆ ಐವರೂ ಸತ್ತಂತೆ. ಇವರೆಲ್ಲ ಉಸಿರಾಡುತ್ತಿದ್ದಾರೋ ಇಲ್ಲವೋ ಅಂತ ಹತ್ತು ಸೆಕೆಂಡಿಗೊಮ್ಮೆ ನೋಡುವುದು ಕಾವಲು ಎಂಬ ಪ್ರೋಗ್ರಾಮು. ಸತ್ತವರನ್ನು ಎಬ್ಬಿಸುವುದು, ಏಳದಿದ್ದರೆ ಸಂಸಾರವನ್ನೇ ಕಿರಿಯಳಿಗೆ ವಹಿಸುವುದು ಅದರ ಕೆಲಸ.

ಪ್ರತಿ ಮಂಗಳವಾರ ಒಂದು ಗಂಟೆಗೆ, ಬಂಡಿಯವರು ಬುತ್ತಿ ಬಿಚ್ಚುವ ಹೊತ್ತಿನಲ್ಲಿ, ಡೇಟಾಬೇಸನ್ನು ಕೈಯಾರೆ ನಿಲ್ಲಿಸಿ ಟೇಪಿಗೆ ಇಳಿಸುತ್ತೇನೆ. ಕಾವಲು ಎಚ್ಚರವಿದ್ದರೆ ಹಿರಿಯಳು ಸತ್ತಳೆಂದು ಕಿರಿಯಳನ್ನು ಎಬ್ಬಿಸಿಬಿಡುತ್ತದೆ. ಅದಕ್ಕೇ ಮೊದಲು ಕಾವಲನ್ನು ಮಲಗಿಸು, ಕೆಂಪು ಬಟ್ಟೆ ಕಟ್ಟು, ಟೇಪು ಹಾಕು, ಟೇಪು ತೆಗೆ, ಡೇಟಾಬೇಸನ್ನು ಮತ್ತೆ ಚಾಲೂ ಮಾಡು, ಕಾವಲನ್ನು ಎಬ್ಬಿಸು, ಕೊನೆಗೆ ಬಟ್ಟೆ ಬಿಚ್ಚು. ಈ ಬಟ್ಟೆ ಪುಣೆಯವರದಲ್ಲ, ನನ್ನ ತಲೆಯಿಂದ ಬಂದದ್ದು. ಕಬ್ಬಿನ ಟ್ರ್ಯಾಲಿಯ ಹಿಂದೆ ಕಟ್ಟುತ್ತಾರಲ್ಲ, ಅಂಥದೇ ತುಂಡು. ಮಷೀನಿನ ಹಿಡಿಕೆಗೆ ಬಟ್ಟೆ ಇದ್ದರೆ ಕಾವಲು ಮಲಗಿದೆ, ಇಲ್ಲದಿದ್ದರೆ ಎದ್ದಿದೆ. ಪಾಳಿ ಬದಲಾಗುವಾಗ ಯಾರೂ ಸ್ಕ್ರೀನ್ ನೋಡುವುದಿಲ್ಲ, ಬಟ್ಟೆ ನೋಡಿ ಸಹಿ ಹಾಕುತ್ತಾರೆ.

ನಾಲ್ಕು ವರ್ಷದಲ್ಲಿ ನಾನು ಹೇಳಿದ ಸುಳ್ಳಿಗೆ ಲೆಕ್ಕವಿಲ್ಲ. ಬಟ್ಟೆ ಮಾತ್ರ ಒಂದೂ ಹೇಳಿಲ್ಲ.

11 ನವೆಂಬರ್, ಬುಧವಾರ

ಚೇಷ್ಟೆಗೆ ಮೊದಲು ನನ್ನ ಹೊಟ್ಟೆಯಲ್ಲಿ ಗುಳುಗುಳು ಶುರುವಾಗುತ್ತದೆ. ತುಟಿ ಕಚ್ಚಿ ಹಿಡಿಯಬೇಕು, ಇಲ್ಲದಿದ್ದರೆ ನಗು ಮೊದಲು, ಚೇಷ್ಟೆ ಆಮೇಲೆ.

ಮಧ್ಯಾಹ್ನದ ಪಾಳಿ ಫಕ್ರುನ್ನಿಸಾಳದು. ನಾನು ಫಕ್ರವ್ವ ಅನ್ನುತ್ತೇನೆ. ನನ್ನ ಜೊತೆ ಕಾಂಟಾದಲ್ಲಿದ್ದ ಹುಸೇನಪೀರನ ಮಗಳು. ಅವನು ತೀರಿಕೊಂಡು ಆರು ವರ್ಷ. ಗುಲಬರ್ಗಾದಲ್ಲಿ ಕಂಪ್ಯೂಟರ್ ಕಲಿತು ಬಂದಳು, ಮೂರು ಹಂಗಾಮಿನಿಂದ ಹಂಗಾಮಿ. ಕಾಲೊನಿಯಲ್ಲಿ ತಾಯಿ ಕುಲಸುಮಬಿ ಜೊತೆ ಇದ್ದಾಳೆ. ಕುಲಸುಮಬಿಗೆ ಕಣ್ಣು ಮಬ್ಬು. ಬಾಗಿಲಿನಿಂದ ನಲ್ಲಿಗೆ ಇಪ್ಪತ್ತೆರಡು ಹೆಜ್ಜೆ, ನಲ್ಲಿಯಿಂದ ಬೇವಿನಮರಕ್ಕೆ ಒಂಬತ್ತು ಅಂತ ಎಣಿಸಿಕೊಂಡೇ ಓಡಾಡುತ್ತಾಳೆ. ಬೇರೆ ಊರಿಗೆ ಹೋದರೆ ಎಣಿಕೆ ತಪ್ಪುತ್ತದೆ.

ಒಂದೂವರೆಗೆ ಕಾಲೊನಿಗೆ ಫೋನ್ ಹಚ್ಚಿದೆ. "ಫಕ್ರವ್ವಾ, ಹಿರೇಕಿ ನಾಡಿ ನಿಂತದ, ಓಡು!"

ಓಡಿ ಬಂದಳು. ಬಲಗೈಗೆ ಅನ್ನ ಸಾರು ಮೆತ್ತಿಕೊಂಡಿತ್ತು. ಓಢಣಿ ಹೆಗಲಿನಿಂದ ಜಾರಿ ಮಣ್ಣಾಗಿತ್ತು.

"ಏನ್ ಆತ್ರಿ ಕಾಕಾ?"

"ಏನಿಲ್ಲವ್ವ. ನಾಡಿ ನೋಡಿದೆ. ನಿಂದು."

ಕಾಂಟಾದ ಲಾಲಸಾಬ ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಎ ಫಕ್ರುಬೀ, ಈ ವಾರದಾಗ ಮೂರನೇ ಸಲ ಮೋಸ ಹೋದಿ. ಈ ಮುದುಕನ್ನ ಮಾತ್ ಕೇಳಿ ಮತ್ತ ಯಾಕ್ ಓಡಿ ಬರ್ತೀ ಬೇ?"

"ನಾಕನೇದ್ದು ಖರೇ ಇದ್ರ?" ಅಂದಳು. ಕೈ ತೊಳೆಯಲು ಹೋದಳು.

ಎಂಥ ಮೊದ್ದು ಹುಡುಗಿ.

2 ಡಿಸೆಂಬರ್, ಬುಧವಾರ

ದೌಲತರಾಯ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಜನರಲ್ ಮ್ಯಾನೇಜರು. ಹೆಸರಿನಲ್ಲಿರುವ ದೌಲತ್ತು ಕುರ್ಚಿಯಲ್ಲೂ ಇದೆ.

"ಮಾರ್ಚ್ ತನಕ ಮಷೀನ್ ಸಲುವಾಗಿ ಕಾಂಟಾ ಒಂದ್ ದಿನಾನೂ ನಿಂದರಬಾರದು. ನಿಂದರಲಿಲ್ಲಂದ್ರ ಫಕ್ರುನ್ನಿಸಾ ಕಾಯಂ. ಕ್ವಾರ್ಟರ್ಸ್ ಸುದ್ದಾ ಆಕಿ ಹೆಸರಿಗಿ. ಸೈದಪ್ಪ, ನಿನಗ ಇನ್ನ ಸಾಕಪಾ. ಊರಿಗಿ ಹೋಗಿ ಆರಾಮ ಇರು."

"ನಿಂತ್ರ?" ಅಂದೆ.

"ನಿಂತ್ರ ಮತ್ತ ನಿನ್ನ ಕಾಲ್ ಹಿಡೀಬೇಕಾಗ್ತದ."

ಅವರು ನಕ್ಕರು. ನಾನೂ ನಕ್ಕೆ. ಹೊರಗೆ ಬಂದ ಮೇಲೆ ಫಕ್ರವ್ವನ ಕಣ್ಣಲ್ಲಿ ನೀರು. "ಕಾಯಂ ಆಗ್ಬೇಕಂದ್ರ ಕಾಯಬೇಕವ್ವ" ಅಂದೆ. ಅಳುತ್ತಲೇ ನಕ್ಕಳು. "ನೀವು ಹೋದ್ರ ನನಗ್ಯಾರ್ ಓಡಸ್ತಾರ್ರಿ?" ಅಂದಳು.

ಮನೆಯಲ್ಲಿ ಹೇಳಿದೆ. ನನ್ನ ಹೆಂಡತಿ ಹೀರಾಬಾಯಿಗೆ ನಮ್ಮ ಊರು ಕಿಣ್ಣಿ ಸುಲ್ತಾನದ್ದೇ ಧ್ಯಾನ. ಅಕ್ಕ ತಂಗಿಯರೆಲ್ಲ ಅಲ್ಲೇ ಇದ್ದಾರೆ. ಆಗಲೇ ಹಿತ್ತಾಳೆ ಪಾತ್ರೆ ಇಳಿಸಿ ಗೋಣಿಚೀಲಕ್ಕೆ ಹಾಕತೊಡಗಿದಳು.

"ಈ ಸಲ ಖರೇನ ಹೋಗೋದೇನ್ರಿ? ಮತ್ತ ಚ್ಯಾಷ್ಟಿ ಮಾಡಾಕತ್ತೀರೇನ್?"

ಖರೆ ಅಂದೆ. ಊರಲ್ಲಿ ನನ್ನನ್ನು ಯಾರು ಬಲ್ಲರು? ನನ್ನ ಮಾತಿಗೆ ನಗುವವರೆಲ್ಲ ಈ ಬೇಲಿಯೊಳಗೇ ಇದ್ದಾರೆ. ಇರಲಿ. ನನಗೇನು.

24 ಡಿಸೆಂಬರ್, ಗುರುವಾರ

ಇವತ್ತಿನದು ವರ್ಷದ ಚೇಷ್ಟೆ.

ರಂಜಾನ್ ತಿಂಗಳು. ಫಕ್ರವ್ವ ರೋಜಾ ಹಿಡಿದಿದ್ದಾಳೆ. ಕೋಣೆಗೆ ಕಿಟಕಿಯಿಲ್ಲ. ಗಾಣದ ಸದ್ದಿನಲ್ಲಿ ಆಜಾನ್ ಕೇಳುವುದಿಲ್ಲ. ಕಿರಿಯ ಮಷೀನಿಗೆ ಬೇರೆ ಕೆಲಸವಿಲ್ಲದ್ದಕ್ಕೆ ಅದರ ಸ್ಕ್ರೀನ್ ಸದಾ ಗಡಿಯಾರ ತೋರಿಸುತ್ತಿರುತ್ತದೆ. ಅವಳು ರೋಜಾ ಬಿಡುವುದು ಅದನ್ನು ನೋಡಿಯೇ. ಪಾಳಿ ಮುಗಿಸಿ ಬರುವ ಮೊದಲು ಆ ಗಡಿಯಾರವನ್ನು ಒಂದು ತಾಸು ಹಿಂದೆ ತಿರುವಿದೆ. ಗೋಡೆ ಗಡಿಯಾರದ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡೆ.

ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಹೋಗಿ ನೋಡಿದರೆ, ಎದುರಿಗೆ ನಾಲ್ಕು ಖರ್ಜೂರ, ಒಂದು ಲೋಟ ನೀರು ಇಟ್ಟುಕೊಂಡು ಸ್ಕ್ರೀನ್ ನೋಡುತ್ತ ಕೂತಿದ್ದಾಳೆ. ಅದರಲ್ಲಿ ಐದೂ ಐವತ್ತು. ತುಟಿ ಒಡೆದು ಬಿಳಿ ಬಿದ್ದಿದ್ದವು. ನಾನು ಬಾಗಿಲು ಪೂರ್ತಿ ತೆಗೆದೆ. ಹೊರಗೆ ಕಪ್ಪು ಕತ್ತಲು.

ಅವಳು ಕತ್ತಲನ್ನು ನೋಡಿದಳು, ನನ್ನನ್ನು ನೋಡಿದಳು. ಮೊದಲು ನೀರು ಕುಡಿದಳು. ಆಮೇಲೆ ಅಂದಳು, "ಅಲ್ಲಾ ನೋಡ್ಕೋತಾನ್ರಿ. ಒಂದ್ ತಾಸಿಂದು ಸವಾಬ್, ಪುಣ್ಯಾ, ನನಗ ಜಾಸ್ತಿ ಸಿಕ್ತು. ನಿಮಗೇನ್ ಸಿಕ್ತು ಕಾಕಾ?"

"ನಗಿ" ಅಂದೆ.

ನನ್ನೆದುರಿಗೇ ಗಡಿಯಾರ ಸರಿಮಾಡಿದಳು. ರಿಜಿಸ್ಟರಿನಲ್ಲಿ ಬರೆಯಲು ಪೆನ್ನು ತೆಗೆದಳು. "ಬರೀಬ್ಯಾಡವ್ವ, ಸಾಹೇಬ ನೋಡಿದ್ರ ಹಂಗಾಮಿನ ಕಡೀಗಿ ಬೈಸ್ಕೊಂಡು ಹೋಗ್ಬೇಕು" ಅಂದೆ. ಪೆನ್ನು ಮುಚ್ಚಿದಳು.

ಕ್ಯಾಂಟೀನಿನಲ್ಲಿ ಲಾಲಸಾಬನಿಗೂ ಉಳಿದವರಿಗೂ ಹೇಳಿದೆ. ತಿರುವಿದ್ದನ್ನು ಹೇಳಿದೆ, ಸರಿಮಾಡಿದ್ದನ್ನು ಹೇಳಲಿಲ್ಲ. ಅದರಲ್ಲಿ ನಗು ಎಲ್ಲಿದೆ? ಲಾಲಸಾಬ ಮಾತ್ರ ನಗಲಿಲ್ಲ. ಅವನೂ ಉಪವಾಸವಿದ್ದವನು.

5 ಜನವರಿ 1999, ಮಂಗಳವಾರ

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೆ. ಯಾವನೋ ಅರ್ಧಕ್ಕೆ ಬಿಟ್ಟುಹೋದ ಒಂದು ಬೇಡದ ಪ್ರೊಸೆಸ್ಸು ಕೂತಿತ್ತು. ಅದನ್ನು ಕೊಲ್ಲಲು ಹೋಗಿ ನಂಬರ್ ತಪ್ಪಿತು, ಗೌಡನನ್ನೇ ಕೊಂದೆ. ಐವರೂ ಒಟ್ಟಿಗೆ ಹೋದರು. ಕಾವಲು ಎಚ್ಚರವಿತ್ತು, ಅರೆ ನಿಮಿಷದಲ್ಲಿ ಎಲ್ಲರನ್ನೂ ಎಬ್ಬಿಸಿತು. ಕಾಂಟಾದಲ್ಲಿ ಒಂದು ಬಂಡಿ ಎರಡು ಸಲ ತೂಗಿತು, ಅಷ್ಟೆ.

ಫಕ್ರವ್ವ ಬೇಗ ಬಂದಿದ್ದಳು, ಹಿಂದೆಯೇ ನಿಂತಿದ್ದಳು. "ಕಾಕಾ, ಹೊಡಿಯೂಕಿಂತ ಮೊದ್ಲು ನಂಬರ್ ಬಾಯಿಲೆ ಒದರ್ರಿ. ನಾ ಹಂಗ ಮಾಡ್ತೀನಿ" ಅಂದಳು. ಮೆತ್ತಗೆ ಅಂದಳು. ರಿಜಿಸ್ಟರಿನಲ್ಲಿ ಬರೆಯಲಿಲ್ಲ.

ಬರೆದಿದ್ದರೆ ಒಳ್ಳೆಯದಿತ್ತು.

13 ಜನವರಿ, ಬುಧವಾರ

ಒಂದೂವರೆ ಹೊತ್ತಿಗೆ ಕುರ್ಚಿಯಲ್ಲಿ ಕಣ್ಣು ಹತ್ತಿತ್ತು. ಎರಡಕ್ಕೆ ಎದ್ದು, ಫಕ್ರವ್ವನಿಗೆ ಪಾಳಿ ಕೊಟ್ಟು, ಯಾರ್ಡಿನ ನಡುವೆ ನಡೆದು ಕ್ಯಾಂಟೀನಿಗೆ ಹೋದೆ. ಬಂಡಿಯವರು ನಕ್ಕರು. ಟ್ರ್ಯಾಕ್ಟರಿನವರು ಹಾರನ್ ಹೊಡೆದರು. ಒಳ್ಳೆಯ ದಿನ ಅಂದುಕೊಂಡು ನಾನೂ ಕೈ ಬೀಸಿದೆ. ಕ್ಯಾಂಟೀನಿನಲ್ಲಿ ಸಾಹೇಬರು ಚಹಾ ಕುಡಿಯುತ್ತಿದ್ದರು. ನನ್ನ ಬೆನ್ನು ನೋಡಿ ಕಪ್ಪಿನೊಳಗೇ ಉಗುಳಿಕೊಂಡರು.

ಕೋಟಿನ ಹಿಂದೆ ಕೆಂಪು ಬಟ್ಟೆ. ನಾನು ನಿದ್ದೆಯಲ್ಲಿದ್ದಾಗ ಫಕ್ರವ್ವ ಪಿನ್ನು ಹಚ್ಚಿ ಕಟ್ಟಿದ್ದಳು.

"ಕಾವಲು ಮಲಗ್ಯದಲೇ!" ಅಂತ ಲಾಲಸಾಬ ಕೂಗಿದ. ಇಡೀ ಕ್ಯಾಂಟೀನು ಕೂಗಿತು. ಫಕ್ರವ್ವ ನನ್ನ ಹಿಂದೆಯೇ ಬಂದು ಬಾಗಿಲ ಹತ್ತಿರ ಓಢಣಿ ಬಾಯಿಗೊತ್ತಿಕೊಂಡು ನಿಂತಿದ್ದಳು. "ಒಂದರ ತಿರುಗಿ ಕೊಡಬ್ಯಾಡೇನ್ರಿ ಕಾಕಾ?"

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಆ ಬಟ್ಟೆಯನ್ನು ನಾನು ಎಂದೂ ಚೇಷ್ಟೆಗೆ ಬಳಸಿರಲಿಲ್ಲ. ಮೊದಲು ಬಳಸಿದವಳು ಅವಳು. ಇದು ಬರೆದಿಟ್ಟಿರಲಿ.

14 ಜನವರಿ, ಗುರುವಾರ

ಸಂಕ್ರಾಂತಿ. ಕುಸುರೆಳ್ಳು ಕೊಡಲು ಬಂದವರೆಲ್ಲ, "ಏನ್ ಕಾಕಾ, ಕಾವಲು ಎದ್ದದೇನ್ರಿ?"

16 ಜನವರಿ, ಶನಿವಾರ

ಹಿರಿಯ ಮಷೀನಿನ ಹಿಂದಿನ ಫ್ಯಾನು ಗೊರಗುಡುತ್ತಿದೆ. ಕಬ್ಬಿನ ಸಿಪ್ಪೆಯ ಧೂಳು ಮೆತ್ತಿಕೊಂಡಿರಬೇಕು. ಮಧ್ಯಾಹ್ನ ಮಷೀನು ಕೈ ಇಡಲಾಗದಷ್ಟು ಬಿಸಿ. ಪುಣೆಗೆ ಫೋನ್ ಮಾಡಬೇಕು.

ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಸೋಮವಾರ ನೋಡೋಣ.

19 ಜನವರಿ, ಮಂಗಳವಾರ

ಒಂದೂ ಐದಕ್ಕೆ ಕಾವಲನ್ನು ಮಲಗಿಸಿದೆ. ಬಟ್ಟೆ ಕಟ್ಟಿದೆ. ಟೇಪು ಹಾಕಿದೆ. ಟೇಪು ತೆಗೆದೆ. ಡೇಟಾಬೇಸನ್ನು ಮತ್ತೆ ಚಾಲೂ ಮಾಡಿದೆ. ಬಟ್ಟೆ ಬಿಚ್ಚಿದೆ. ಎರಡಕ್ಕೆ ಫಕ್ರವ್ವ ಬಂದು ಹಿಡಿಕೆ ನೋಡಿ, "ಕಾವಲು ಚಾಲೂ ಇದೆ, ನೋಡಿದ್ದೇನೆ" ಅಂತ ಬರೆದು ಸಹಿ ಹಾಕಿದಳು. ಕೊನೆಯ ರೋಜಾ, ನಾಳೆ ಹಬ್ಬ. ಕೈಗೆ ಮೆಹಂದಿ ಹಚ್ಚಿಕೊಂಡಿದ್ದಳು.

ಮೂರೂ ಹತ್ತಕ್ಕೆ ಹಿರಿಯಳು ಸತ್ತಳಂತೆ. ಹೊಗೆ ಬಂತಂತೆ.

ಮೂರೂವರೆಗೆ ಲಾಲಸಾಬ ಸೈಕಲ್ ತುಳಿದುಕೊಂಡು ನಮ್ಮ ಮನೆಗೆ ಬಂದ. "ಕಾಕಾ, ನಡೀರಿ ಲಗೂನ! ಹಿರೇಕಿ ಸತ್ತದ, ಸಣ್ಣಾಕಿ ಏಳವಲ್ದು. ಕಾವಲು ಚಾಲೂ ಅದ ಅಂತ ಹುಡುಗಿ ಕೈ ಹಚ್ಚವಲ್ಲಳು. ಎರಡೂ ಒಮ್ಮೆ ಎದ್ರ ಎಲ್ಲಾ ಹಾಳಾಗ್ತದಂತ. ಏನ್ ಮಾಡ್ಲಿ ಕೇಳ್ಕೊಂಡ್ ಬಾ ಅಂದಾಳ."

ಹೀರಾಬಾಯಿ ಬಾಗಿಲಿಗೆ ಬಂದಳು. ನಾನು ಮಂಚದಿಂದ ಏಳಲಿಲ್ಲ. "ಫಕ್ರವ್ವನೂ ಚ್ಯಾಷ್ಟಿ ಕಲ್ತಾಳಲ್ಲೋ ಲಾಲ್ಯಾ. ಮೊನ್ನಿ ಬಟ್ಟಿ ಕಟ್ಟಿದ್ಲು, ಇವತ್ತ ಓಡಸ್ತಾಳೇನು?" ಅಂದೆ.

"ಅಲ್ಲಾನ ಆಣಿ ಕಾಕಾ! ಖರೇನ ಅದ!"

"ನಾ ಚ್ಯಾಷ್ಟಿ ಮಾಡಿದಾಗೂ ಎಲ್ಲಾರೂ ಖರೇನ ಅಂತ ತಿಳೀತಿದ್ರು."

ಅವನು ಇನ್ನೆರಡು ಸಲ ಕರೆದ. ನಾನು ಚಹಾ ಕುಡಿದು, ಮುಖ ತೊಳೆದು, ಐದಕ್ಕೆ ಹೋದೆ.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ನಲವತ್ತು ನಿಮಿಷ ಬಟ್ಟೆಯನ್ನು ನಂಬಿ ಕಾದಿದ್ದಳು. ಕೊನೆಗೆ ಸ್ಕ್ರೀನಿನಲ್ಲಿ ಕೇಳಿ ನೋಡಿದರೆ ಕಾವಲು ಮಲಗಿತ್ತು. ಹಿರಿಯಳ ಕರೆಂಟಿನ ತಂತಿ ಗೋಡೆಯಿಂದ ಕಿತ್ತು, ಕಿರಿಯಳನ್ನು ಕೈಯಾರೆ ಎಬ್ಬಿಸಿ, ನಾಲ್ಕೂ ಇಪ್ಪತ್ತಕ್ಕೆ ಕಾಂಟಾ ಚಾಲೂ ಮಾಡಿದ್ದಳು. ಒಂದೇ ಒಂದು ದಾಖಲೆ ಕಳೆದಿರಲಿಲ್ಲ. ಆದರೆ ಗಾಣಕ್ಕೆ ಕಬ್ಬು ತೀರಿ ನಾಲ್ಕಕ್ಕೇ ಗಾಣ ನಿಂತಿತ್ತು. ಗಾಣ ನಿಂತರೆ ಕಾರ್ಖಾನೆ ಸತ್ತಂತೆ. ಬಂಡಿಯವರು ರೇಗಿ ಕಬ್ಬಿನ ಜಲ್ಲೆಯಿಂದ ಕಾಂಟಾದ ಗಾಜು ಒಡೆದಿದ್ದರು. ಲಾಲಸಾಬನಿಗೆ ಹೇಳಲು ಹೊರಗೆ ಬಂದವಳ ಹುಬ್ಬಿನ ಮೇಲೆ ಗಾಜು ಬಿದ್ದು ಕುಯ್ದಿತ್ತು. ಮೆಹಂದಿ ಹಚ್ಚಿದ ಕೈಯಿಂದ ಒತ್ತಿ ಹಿಡಿದುಕೊಂಡು ಕೂತಿದ್ದಳು. ಬೆರಳ ಸಂದಿಯಲ್ಲಿ ಯಾವುದು ಮೆಹಂದಿ, ಯಾವುದು ರಕ್ತ ಗೊತ್ತಾಗಲಿಲ್ಲ.

ನನ್ನನ್ನು ನೋಡಿದಳು.

ಇನ್ನು ಈ ನೋಟ್‌ಬುಕ್ಕಿನ ಮೊದಲ ಪುಟ ತಿರುವಿ ನೋಡಬಾರದು.

20 ಜನವರಿ, ಬುಧವಾರ

ರಂಜಾನ್ ಹಬ್ಬ. ಪ್ರತಿ ವರ್ಷದ ಹಾಗೆ ಕುಲಸುಮಬಿಯ ಮನೆಯಿಂದ ಸುರಕುಂಬಾ, ಹಾಲು ಶ್ಯಾವಿಗೆಯ ಪಾಯಸ, ಬಂತು. ಈ ವರ್ಷವೂ ಬರುತ್ತದೆ ಅಂದುಕೊಂಡಿರಲಿಲ್ಲ. ಕುಲಸುಮಬಿಯೇ ತಂದಳು. ತಮ್ಮ ಬಾಗಿಲಿನಿಂದ ನಮ್ಮದಕ್ಕೆ ಅರವತ್ತು ಹೆಜ್ಜೆಯಂತೆ.

"ಭಾಯಿ, ನನ್ನ ಮಗಳದು ಏನ್ ತಪ್ಪಾಗ್ಯದ ನನಗ ತಿಳೀವಲ್ದು. ನೀವು ದೊಡ್ಡವ್ರು. ಸಾಹೇಬ್ರಿಗಿ ಒಂದ್ ಮಾತ್ ಹೇಳ್ರಿ."

ಹೇಳ್ತೀನಿ ಅಂದೆ.

ಎರಡು ಬಟ್ಟಲು ತಿಂದೆ. ಚೆನ್ನಾಗಿತ್ತು. ಹೀರಾಬಾಯಿ ಮುಟ್ಟಲಿಲ್ಲ.

25 ಜನವರಿ, ಸೋಮವಾರ

ವಿಚಾರಣೆ. ಸಾಹೇಬರು, ನಾನು, ಫಕ್ರವ್ವ, ಲಾಲಸಾಬ. ಪುಣೆಯ ಇಂಜಿನಿಯರ್ ಬಂದು, ರಿಪೇರಿ ಮಾಡಿ, ಹೋಗಿಯೂ ಆಗಿತ್ತು. ಕಾವಲಿನ ಪೂರಾ ದಾಖಲೆ ಇದ್ದದ್ದು ಹಿರಿಯ ಮಷೀನಿನ ಒಳಗೆ, ಅದು ಸುಟ್ಟಿದೆ. ಅವನು ಎರಡನ್ನೂ ಹೊಸದಾಗಿ ಹೊಂದಿಸಿ, ಗಡಿಯಾರಗಳನ್ನೂ ಹೊಸದಾಗಿ ಕೂಡಿಸಿ ಹೋದ. ಪಾಸ್‌ವರ್ಡು ನಮ್ಮೆಲ್ಲರಿಗೂ ಒಂದೇ. ಯಾರ ಕೈ ಎಂದು ಮಷೀನಿಗೆ ಗೊತ್ತಾಗುವುದಿಲ್ಲ.

"ಸೈದಪ್ಪ, ಟೇಪ್ ಆದ ಮ್ಯಾಲ ಕಾವಲು ಎಬ್ಬಿಸಿದ್ದಿ?"

"ಬಟ್ಟಿ ಬಿಚ್ಚಿದ್ದೆನಲ್ರಿ ಸಾಹೇಬ್ರ."

"ಬಟ್ಟಿ ಇರಲಿಲ್ಲ, ನಾನೂ ನೋಡೀನಿ" ಅಂದ ಲಾಲಸಾಬ. ಪಾಪ, ಅವನು ನಿಜವೇ ಹೇಳಿದ.

ಸಾಹೇಬರು ರಿಜಿಸ್ಟರ್ ತಿರುಗಿಸಿ ಅವಳ ಮುಂದಿಟ್ಟರು. "ಇದು ನಿಂದ ಸಹಿ ಅಲ್ಲೇನು? ನೋಡಿದ್ದೇನೆ ಅಂತ ಬರ್ದೀಯಲ್ಲ. ಚಾಲೂ ಇದ್ದದ್ದು ನಿನ್ನ ಪಾಳಿಯಾಗ ಹ್ಯಾಂಗ ಮಲಗ್ತು?"

ಫಕ್ರವ್ವ ಚೀಟಿ ಬಿಚ್ಚಿದಳು. ಹುಬ್ಬಿನ ಮೇಲೆ ಮೂರು ಹೊಲಿಗೆ. ಆ ದಿನ ಕಿರಿಯಳನ್ನು ಎಬ್ಬಿಸುವ ಮೊದಲು ಸ್ಕ್ರೀನ್ ನೋಡಿ ಬರೆದುಕೊಂಡಿದ್ದಳು. ಕಿರಿಯ ಮಷೀನು ಪೂರಾ ದಾಖಲೆ ಇಟ್ಟುಕೊಳ್ಳುವುದಿಲ್ಲ, ಕೊನೆಯ ಬದಲಾವಣೆಯ ಒಂದೇ ಸಾಲು ಇಡುತ್ತದೆ.

"ಇದರಾಗ ಅದ ನೋಡ್ರಿ ಸರ್. ಕಾವಲು ಮಲಗಿದ್ದು ಮಧ್ಯಾಹ್ನ ಒಂದೂ ಐದಕ್ಕ. ನಾ ಬಂದದ್ದು ಎರಡಕ್ಕ. ಅದರ ನಂತರ ಯಾರೂ ಎಬ್ಬಿಸೇ ಇಲ್ಲ."

ಸಾಹೇಬರು ಚೀಟಿ ಹಿಡಿದು ನನ್ನತ್ತ ನೋಡಿದರು.

ಆಗ ಲಾಲಸಾಬನೇ ಅಂದ, "ಆದ್ರ ಸಾಹೇಬ್ರ, ಆ ಮಷೀನಿನ ಗಡಿಯಾರ ಕಾಕಾ ಒಂದ್ ತಾಸು ಹಿಂದ ತಿರುವಿದ್ರಲ್ರಿ, ರೋಜಾದಾಗ. ಕ್ಯಾಂಟೀನಿಗೆಲ್ಲ ಗೊತ್ತದ."

"ಅಂದ್ರ ಅದರಾಗ ಒಂದೂ ಐದು ಇದ್ದಾಗ ಖರೇ ಟೈಮ್ ಎರಡೂ ಐದು" ಅಂದರು ಸಾಹೇಬರು. "ಎರಡೂ ಐದಕ್ಕ ಪಾಳಿ ಯಾರ್ದು?"

"ಸರ್, ಅವತ್ತ ಸಂಜೀಕೇ ನಾ ಸರಿ ಮಾಡೀನ್ರಿ! ಕಾಕಾನ ಮುಂದ ಮಾಡೀನಿ. ಕಾಕಾ, ಹೇಳ್ರಿ."

"ರಿಜಿಸ್ಟರಿನ್ಯಾಗ ಬರ್ದೀಯೇನು?" ಅಂದರು ಸಾಹೇಬರು.

ಅವಳು ನನ್ನ ಕಡೆ ನೋಡಿದಳು. ಅವತ್ತು ಲೋಟದ ನೀರು ಮುಂದಿಟ್ಟುಕೊಂಡು ಸ್ಕ್ರೀನ್ ನೋಡುತ್ತ ಕೂತಿದ್ದಳಲ್ಲ, ಹಾಗೆ.

"ಸೈದಪ್ಪ, ಈಕಿ ಸರಿ ಮಾಡಿದ್ದು ನೀ ನೋಡೀಯೇನು?"

"ತಿರುವಿದ್ದು ನಾನ್ರಿ ಸಾಹೇಬ್ರ, ಅದು ತಪ್ಪು. ಸರಿ ಮಾಡಿದ್ದು..." ತಲೆ ಕೆರೆದುಕೊಂಡೆ. "ನೆನಪಿಲ್ರಿ. ವಯಸ್ಸಾತು."

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿದಳು. ಅಳಲಿಲ್ಲ. ಏಳು ದಿನದಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಬೇಕು ಅಂದರು ಸಾಹೇಬರು. ಬೇರೆ ಕಾರ್ಖಾನೆಗೆ ಹೋಗಲು ಕಾಗದ ಕೇಳಿದಳು. ಗಾಣ ನಿಲ್ಲಿಸಿದವರಿಗೆ ಎಂಥ ಕಾಗದ ಅಂದರು.

30 ಜನವರಿ, ಶನಿವಾರ

ನನಗೆ ಮತ್ತೆ ಎರಡು ಹಂಗಾಮಿನ ಆರ್ಡರ್ ಬಂತು.

ಹೀರಾಬಾಯಿ ಗೋಣಿಚೀಲದಿಂದ ಹಿತ್ತಾಳೆ ಪಾತ್ರೆ ಒಂದೊಂದಾಗಿ ತೆಗೆದು ಮತ್ತೆ ಹಲಗೆಯ ಮೇಲೆ ಜೋಡಿಸಿದಳು. ಹೊರಗಿಟ್ಟ ಪ್ರತಿ ಪಾತ್ರೆಯೂ ಸದ್ದು ಮಾಡಿತು. ಎಲ್ಲ ಮುಗಿದ ಮೇಲೆ ಕೇಳಿದಳು, "ಅವತ್ತ ಲಾಲಸಾಬ ಕರ್ಯಾಕ ಬಂದಾಗ ನಿಮ್ಮ ಮುಖದಾಗ ನಗಿ ಇರಲಿಲ್ಲ. ಚ್ಯಾಷ್ಟಿ ಅಂತ ತಿಳ್ಕೊಂಡವ್ರು ನಗಬೇಕಲ್ಲ?"

ನಿನಗೇನು ತಿಳಿಯುತ್ತದೆ ಅಂದೆ.

3 ಫೆಬ್ರವರಿ, ಬುಧವಾರ

ಇವತ್ತು ಹೋದರು. ಆಳಂದದಲ್ಲಿ ಯಾರೋ ದೂರದ ನೆಂಟರ ಮನೆಯ ಹಿಂದೆ ಒಂದು ಕೋಣೆಯಂತೆ. ಟೆಂಪೊ ಬಂದಿತ್ತು. ಕುಲಸುಮಬಿ ನಲ್ಲಿಯ ತನಕ ಇಪ್ಪತ್ತೆರಡು ಹೆಜ್ಜೆ ನಡೆದು, ನಲ್ಲಿಯನ್ನು ಮುಟ್ಟಿ ಹಿಂದಿರುಗಿ ಬಂದಳು. ಆಮೇಲೆ ಟೆಂಪೊ ಹತ್ತಲು ಎಷ್ಟು ಹೆಜ್ಜೆಯೋ ಗೊತ್ತಾಗದೆ ಅಂಗಳದ ನಡುವೆ ಕೈ ಚಾಚಿ ನಿಂತಳು. ಯಾರೋ ಹೋಗಿ ಹಿಡಿದುಕೊಂಡರು. ನಾನು ಹೋಗಲಿಲ್ಲ.

ಫಕ್ರವ್ವ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ.

"ಕಾಕಾ, ಒಂದ್ ಕೇಳ್ತೀನಿ, ಖರೇ ಹೇಳ್ರಿ. ಕೋಟಿಗಿ ಬಟ್ಟಿ ಕಟ್ಟಿ ನಿಮ್ಮನ್ನ ಎಲ್ಲಾರ ಮುಂದ ನಗಿಪಾಟಲ ಮಾಡಿದ್ದೆ, ಅದಕ್ಕ ತಿರುಗಿ ಚ್ಯಾಷ್ಟಿ ಮಾಡಾಕ ಬಟ್ಟಿ ಬಿಚ್ಚಿದ್ರಿ. ನನ್ನ ಓಡಸ್ಬೇಕು, ಒಂದೀಟ ಹೆದರಸ್ಬೇಕು ಅಂತ. ಅಷ್ಟರಾಗ ಮಷೀನ್ ಖರೇನ ಸತ್ತು ಹೋತು. ಆಮ್ಯಾಲ ಹೇಳಾಕ ಹೆದರಿಕಿ ಆತು. ಹಿಂಗ ಅಲ್ಲೇನ್ರಿ? ಚ್ಯಾಷ್ಟಿನ ಇತ್ತಲ್ಲ?"

ನಾನು ಹೊಸ್ತಿಲಿನ ಧೂಳನ್ನು ಕಾಲಿನಿಂದ ಸರಿಸಿದೆ.

"ಹೌದಂತ ಒಂದ್ ಮಾತ್ ಹೇಳ್ರಿ. ಸಾಹೇಬ್ರಿಗಿ ಹೇಳಾಕ ಅಲ್ಲ, ನನಗ. ಚ್ಯಾಷ್ಟಿ ಇದ್ರ ನಾ ಮಾಫ್ ಮಾಡ್ತೀನಿ. ಅಪ್ಪನ ದೋಸ್ತ್ ಇದ್ದೀರಿ. ಹೊಟ್ಟ್ಯಾಗ ಇದನ್ನ ಇಟ್ಕೊಂಡು ನಾ ಹೋಗಲಾರೆ."

"ಹೌದವ್ವ" ಅಂದೆ. "ಚ್ಯಾಷ್ಟಿ."

ಅವಳ ಹೆಗಲು ಇಳಿಯಿತು. ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ. "ಮಾಫ್, ಕಾಕಾ" ಅಂದು ಟೆಂಪೊ ಹತ್ತಿದಳು.

16 ಫೆಬ್ರವರಿ, ಮಂಗಳವಾರ

ಮಧ್ಯಾಹ್ನದ ಪಾಳಿಗೆ ಜೇವರ್ಗಿ ಕಡೆಯ ಕೊಳಕೂರಿನ ಶಿವರಾಯ ಬಂದಿದ್ದಾನೆ. ಒಂದೂವರೆಗೆ ಕಾಲೊನಿಗೆ ಫೋನ್ ಹಚ್ಚಿ "ನಾಡಿ ನಿಂತದ, ಓಡು" ಅಂದೆ. "ಹೂಂ ಕಾಕಾ, ಉಂಡು ಬರ್ತೀನಿ" ಅಂದ. ಎರಡಕ್ಕೇ ಬಂದ.

ಈಗ ನಾನು ಬಟ್ಟೆ ನೋಡುವುದಿಲ್ಲ. ತಾಸಿಗೊಮ್ಮೆ ಸ್ಕ್ರೀನಿನಲ್ಲಿ ಕೇಳುತ್ತೇನೆ, ಕಾವಲು ಎದ್ದಿದೆಯೇ ಅಂತ. ಪ್ರೊಸೆಸ್ಸು ಕೊಲ್ಲುವ ಮೊದಲು ನಂಬರನ್ನು ಬಾಯಿಬಿಟ್ಟು ಓದುತ್ತೇನೆ. ಯಾವಾಗಿನಿಂದ ಹೀಗೆ ಅಂತ ನೆನಪಿಲ್ಲ. ಇವತ್ತು ಶಿವರಾಯ ಕೇಳಿದ, "ಯಾರ್ ಜೋಡಿ ಮಾತಾಡಾಕತ್ತೀರಿ?"

ಈ ನೋಟ್‌ಬುಕ್ಕು ಸುಳ್ಳಿನಿಂದ ಶುರುವಾಗಿದೆ. ಒಂದು ನಿಜ ಬರೆದು ಮುಚ್ಚುತ್ತೇನೆ.

ಅವಳು ಕೇಳಿದಾಗ ಹೌದು ಅಂದೆನಲ್ಲ, ಅದು ಸುಳ್ಳು. ಹತ್ತೊಂಬತ್ತನೇ ತಾರೀಕು ಒಂದೂವರೆಗೆ ಟೇಪು ತೆಗೆದೆ. ಕಾವಲನ್ನು ಎಬ್ಬಿಸುವ ಸಾಲನ್ನು ಟೈಪು ಮಾಡಿ, ಅಳಿಸಿದೆ. ಹಿರಿಯಳ ಹಿಂದೆ ಹೋಗಿ ಫ್ಯಾನು ಗೊರಗುಡುವುದನ್ನು ಸ್ವಲ್ಪ ಹೊತ್ತು ನಿಂತು ಕೇಳಿದೆ, ಅಂಗೈ ಇಟ್ಟು ಬಿಸಿ ನೋಡಿದೆ. ಆಮೇಲೆ ಬಟ್ಟೆ ಬಿಚ್ಚಿ, ಮಡಚಿ, ಡ್ರಾಯರಿನಲ್ಲಿಟ್ಟೆ.

ಹೊಟ್ಟೆಯಲ್ಲಿ ಗುಳುಗುಳು ಬರಲಿಲ್ಲ. ತುಟಿ ಕಚ್ಚಬೇಕಾಗಲಿಲ್ಲ.